ಆ ಕಪಾಟಿನ ಧೂಳು ಒರೆಸುವವರು ಯಾರು?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಮೂವತ್ತನಾಲ್ಕು ಜನ ಇದ್ದೇವೆ. ಅದರಲ್ಲಿ ಧಾರವಾಡದ ಮಾಳಮಡ್ಡಿಯ ಹಳೆಯ ಮನೆಯಲ್ಲಿ ಈಗಲೂ ಇರುವವರು ಇಬ್ಬರು, ಅಣ್ಣ ಮತ್ತು ವೈನಿ. ಊರಲ್ಲೇ ಬೇರೆ ಮನೆ ಮಾಡಿಕೊಂಡವರು ಮೂವರು. ಉಳಿದ ಇಪ್ಪತ್ತೊಂಬತ್ತು ಜನ ಪುಣೆ, ಮುಂಬಯಿ, ಹೈದರಾಬಾದು, ದಿಲ್ಲಿ ಅಂತ ಚದುರಿಹೋಗಿದ್ದೇವೆ. ಈ ಇಪ್ಪತ್ತೊಂಬತ್ತು ಜನ ಆ ಇಬ್ಬರಿಗೆ ವರ್ಷವಿಡೀ ಕೊಡುವ ಸಲಹೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವುದು ಇದು: "ಅದನ್ನ ಮಾತ್ರ ಮಾರಬ್ಯಾಡ್ರಿ."

'ಅದು' ಅಂದರೆ ಒಮ್ಮೆ ಅಜ್ಜನ ಆರಾಮಖುರ್ಚಿ. ಒಮ್ಮೆ ಪಡಸಾಲೆಯ ತೂಗುಮಣೆ. ಒಮ್ಮೆ ನಾಲ್ಕು ಕಂಬದ ಮಂಚ. ಅದರ ಮೇಲೆ ಮಲಗಿದವರು ಯಾರೂ ಈಗ ಬದುಕಿಲ್ಲ, ಸೊಳ್ಳೆಪರದೆ ಕಟ್ಟುವ ಹಿತ್ತಾಳೆಯ ಕೊಂಡಿಗಳಲ್ಲಿ ಎರಡು ಯಾವತ್ತೋ ಕಳೆದುಹೋಗಿವೆ. ನಮ್ಮ ಮನೆಯಷ್ಟೇ ಅಲ್ಲ. ಈ ಪುಟಗಳನ್ನು ಓದುವ ನಿಮ್ಮೆಲ್ಲರ ಗುಂಪುಗಳಲ್ಲೂ ಇಂಥ ಒಂದು 'ಅದು' ಇದ್ದೇ ಇರುತ್ತದೆ. ನಮ್ಮ ವಲಸೆಯವರ ಪತ್ರಿಕೆಗಳಲ್ಲಿ ಆರಾಮಖುರ್ಚಿಯ ಮೇಲೆ ಬಂದಿರುವ ಪ್ರಬಂಧಗಳನ್ನು ಒಂದರ ಮೇಲೊಂದು ಪೇರಿಸಿದರೆ ಆರಾಮಖುರ್ಚಿಗಿಂತ ಎತ್ತರವಾದೀತು. ಅದರಲ್ಲೊಂದು ನನ್ನದೂ ಇದೆ.

ಆ ಪ್ರಬಂಧಗಳ ವಿರುದ್ಧ ಇದನ್ನು ಬರೆಯುತ್ತಿದ್ದೇನೆ. ಊರು ಬಿಟ್ಟವರಿಗೆ ಊರಿನ ಮನೆಯ ಸಾಮಾನಿನ ಬಗ್ಗೆ ಅಪ್ಪಣೆ ಕೊಡುವ ಹಕ್ಕು ಇಲ್ಲ. ನೆನಪು ಇಟ್ಟುಕೊಳ್ಳುವ ಹಕ್ಕು ಇದೆ, ಬೇಕಾದರೆ ಬಂದು ಹೊತ್ತುಕೊಂಡು ಹೋಗುವ ಹಕ್ಕೂ ಇರಬಹುದು. ನಮ್ಮ ನೆನಪುಗಳಿಗೆ ಇನ್ನೊಬ್ಬರ ಮಲಗುವ ಕೋಣೆಯನ್ನು ಉಗ್ರಾಣ ಮಾಡುವ ಹಕ್ಕು ಖಂಡಿತ ಇಲ್ಲ.

ಇದು ನನಗೆ ತಿಳಿದದ್ದು ಬೈಸಿಕೊಂಡ ಮೇಲೆ. ಹೋದ ವರ್ಷ ದೀಪಾವಳಿಗೆ ಮೊದಲು ವೈನಿ ಗುಂಪಿನಲ್ಲಿ ಒಂದು ಫೋಟೋ ಹಾಕಿದರು. ಅಜ್ಜನ ಸಾಗವಾನಿ ಕಪಾಟು. ದಾಂಡೇಲಿ ಕಡೆಯ ಮರ, ಆಳೆತ್ತರಕ್ಕಿಂತ ಹೆಚ್ಚು, ಎರಡು ಬಾಗಿಲು, ಒಳಗೆ ಐದು ಖಾನೆ. ಅದರ ಒಳಮೈಗೆಲ್ಲ ಅವರು ತಿಳಿಹಸಿರು ಆಯಿಲ್ ಪೇಂಟ್ ಬಳಿಸಿದ್ದರು. ಹೊಸ ಸೀರೆ ಉಟ್ಟವರು ಕಳಿಸುವಂಥ ಸಂತೋಷದಲ್ಲಿ ಕಳಿಸಿದ್ದ ಫೋಟೋ ಅದು. ನಾನು ಪುಣೆಯ ಆಫೀಸಿನ ಕ್ಯಾಂಟೀನಿನಲ್ಲಿ ಕೂತು ನೋಡಿದೆ, ಎದೆ ಧಸಕ್ಕೆಂದಿತು. ಬಲಗಡೆಯ ಬಾಗಿಲಿನ ಒಳಮೈ ಮೇಲೆ ಅಜ್ಜ ಪೆನ್ಸಿಲಿನಲ್ಲಿ ಮನೆಯ ಹುಟ್ಟು ಸಾವು ಬರೆದಿಡುತ್ತಿದ್ದರು. 1951ರಿಂದ 1986ರವರೆಗೆ. ಅದೆಲ್ಲ ಹಸಿರಿನ ಕೆಳಗೆ ಹೋಗಿತ್ತು.

"ವೈನಿ, ಇದೇನು ಮಾಡಿದಿರಿ? ಇಡೀ ಮನೆತನದ ಚರಿತ್ರೆ ಅಳಿಸಿಬಿಟ್ಟಿರಲ್ಲ" ಎಂದು ಬರೆದೆ. ಹತ್ತು ನಿಮಿಷದಲ್ಲಿ ಹನ್ನೊಂದು ಜನ ಅದಕ್ಕೆ ಹೃದಯದ ಚಿಹ್ನೆ ಒತ್ತಿದರು. ಮುರಿದ ಹೃದಯವೂ ಇತ್ತು. ಹೈದರಾಬಾದಿನ ಚಿಕ್ಕಪ್ಪನ ಮಗ ಪರಂಪರೆಯ ಬಗ್ಗೆ ನಾಲ್ಕು ಸಾಲು ಬರೆದ. ಅಕ್ಕ ಮಾತ್ರ, ಅವಳಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, "ಅದರಾಗ ನನ್ನ ಬಗ್ಗೆ ಏನ್ ಬರದಿತ್ತು?" ಅಂತ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ.

ರಾತ್ರಿ ವೈನಿಯ ಫೋನು ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ ಈ ಮನೆಗೆ ಬಂದವರು ಅವರು, ನನಗೆ ಆರು ವರ್ಷ ಡಬ್ಬಿ ಕಟ್ಟಿದವರು. ಸಿಟ್ಟಿನಲ್ಲಿದ್ದರೂ ದನಿ ಏರಿರಲಿಲ್ಲ.

"ಅಲ್ಲೋ, ನೀ ವರ್ಷಕ್ಕ ನಾಕ್ ದಿನಾ ಬರ್ತಿ. ಉಳದ ಮುನ್ನೂರಾ ಅರವತ್ತೊಂದು ದಿನಾ ಅದರ ಧೂಳಾ ಒರಸೋರು ಯಾರು? ಗೆದ್ದಲಾ ಹತ್ತಿತ್ತು. ಔಷಧಾ ಹೊಡದಾಂವ ಮ್ಯಾಲೆ ಬಣ್ಣಾ ಬಳೀರಿ ಅಂದ, ಬಳಸಿದ್ವಿ. ಬಾಗಲದ ಮ್ಯಾಲೆ ಏನ್ ಬರದಿತ್ತು ಅಂತ ನೀನ ಹೇಳು ನೋಡೋಣ."

ನನಗೆ ಹೇಳಲು ಬಂದದ್ದು ನನ್ನ ಹುಟ್ಟು ಒಂದೇ. ಅದೂ ವರ್ಷ ಮತ್ತು ನಕ್ಷತ್ರ, ಗಳಿಗೆ ನೆನಪಾಗಲಿಲ್ಲ. ವೈನಿ ಆಮೇಲೆ ಮೇಲಿನಿಂದ ಕೆಳಗೆ ಹೇಳುತ್ತ ಹೋದರು. ದೊಡ್ಡಪ್ಪ ಹುಟ್ಟಿದ್ದು, ಎಮ್ಮೆ ಕೊಂಡ ದಿನ, ಮುತ್ತಜ್ಜಿ ತೀರಿದ ತಿಥಿ, ಹಿತ್ತಲಿನ ಬಾವಿಗೆ ನೀರು ಬಂದ ದಿನ, ಅಣ್ಣ, ಅಕ್ಕ, ನಾನು. ನಡುವೆ ಎರಡು ಸಾಲು ಅವರಿಗೂ ಓದಲು ಬರುತ್ತಿರಲಿಲ್ಲವಂತೆ, ಮಾಸಿಹೋಗಿದ್ದವು. ಮೂವತ್ತೈದು ವರ್ಷಕ್ಕೂ ಮಿಕ್ಕಿ ದಿನಾ ಆ ಬಾಗಿಲು ತೆಗೆದು ಸೀರೆ, ಹಾಸಿಗೆ, ಔಷಧಿ ಚೀಟಿ ತೆಗೆದವರು ಅವರು. ಬಾಯಿಪಾಠ ಆಗದೆ ಏನಾಗುತ್ತದೆ? ಕೊನೆಗೆ ಹೇಳಿದರು: "ಗಂಡಸ್ ಮಕ್ಕಳಿಗೆ ಹೆಸರು, ನಕ್ಷತ್ರ, ಗಳಿಗಿ ಎಲ್ಲಾ ಅದ. ಹೆಣ್ ಹುಟ್ಟಿದಲ್ಲೆ 'ಕನ್ಯಾ' ಅಂತ ಒಂದ ಶಬ್ದ. ನನ್ನ ಎರಡೂ ಮಕ್ಕಳು ಅದರಾಗ ಇಲ್ಲ. ಮಾವನೋರ ಅಪ್ಪ ಹೋದ ಮ್ಯಾಲೆ ಯಾರೂ ಬರೀಲೇ ಇಲ್ಲ. ನೀನೂ ಬರೀಲಿಲ್ಲ."

ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತು. ಗುಂಪಿನಲ್ಲಿ ಅದನ್ನು ಹಾಕುವ ಧೈರ್ಯ ನನಗೆ ಬರಲಿಲ್ಲ.

ಸಾಮಾನು ನೆನಪನ್ನು ಕಾಯುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಯಾರ ನೆನಪನ್ನು? ಆರಾಮಖುರ್ಚಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಅಜ್ಜಿ ಕೂತದ್ದನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ನಮ್ಮಜ್ಜಿ ಅದರ ಕಾಲ ಬುಡದಲ್ಲಿ ನೆಲದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಮನೆಯಲ್ಲಿ ಅವಳದು ಅಂತ ಇದ್ದ ಮರದ ಸಾಮಾನು ಒಂದು ಮಣೆ, ಒಂದು ಈಳಿಗೆ. ಅವೆರಡೂ ಎಲ್ಲಿ ಹೋದವು ಯಾರಿಗೂ ಗೊತ್ತಿಲ್ಲ, ಯಾರೂ ಅವುಗಳ ಮೇಲೆ ಪ್ರಬಂಧ ಬರೆದಿಲ್ಲ. ಪಡಸಾಲೆಯ ತೂಗುಮಣೆಯಲ್ಲಿ ಸಂಬಂಧಿಕರು ತೂಗಿಕೊಂಡರು. ಎರಡು ಕಂಬದ ಆಚೆ, ಜಗುಲಿಯ ಕೆಳಗಿನ ಮೆಟ್ಟಿಲಲ್ಲಿ, ಹೊಲದ ಲೆಕ್ಕ ಹೇಳಲು ಬಂದವರು ನಿಂತೇ ಇರುತ್ತಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತು ನಮ್ಮಂತೆಯೇ ಪುಣೆಯ ಐಟಿ ಕಂಪನಿಗಳಲ್ಲಿದ್ದಾರೆ. ಆ ತೂಗುಮಣೆಯ ಫೋಟೋ ನೋಡಿ ಅವರಿಗೆ ಏನು ನೆನಪಾದೀತು ಎಂದು ಒಮ್ಮೆ ಯೋಚಿಸಿ, ಆಮೇಲೆ ಹೃದಯದ ಚಿಹ್ನೆ ಒತ್ತಿ.

ಇನ್ನೊಂದು ವಿಷಯ ನನಗೆ ಇನ್ನೂ ತಡವಾಗಿ ಕಂಡಿತು. ವೈನಿಗೂ ಒಂದು ಕಪಾಟು ಇದೆ. 1988ರಲ್ಲಿ ಲಗ್ನದಲ್ಲಿ ಅವರ ತವರಿನವರು ಕೊಟ್ಟ ಸ್ಟೀಲಿನ ತಿಜೋರಿ. ಮುಂಬಯಿಯ ಗೋದ್ರೆಜ್ ಕಂಪನಿ ಉಕ್ಕಿನ ಕಪಾಟು ಮಾಡತೊಡಗಿದ್ದು 1923ರಲ್ಲಿ. ಆ ಹೆಸರು ಎಷ್ಟು ಬೇರೂರಿತೆಂದರೆ ಹುಬ್ಬಳ್ಳಿಯ ಯಾವುದೋ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿದ್ದನ್ನೂ ನಾವು ಗೋದ್ರೆಜ್ ಅಂತಲೇ ಕರೆದೆವು. ವೈನಿಯದೂ ಅಂಥ ಹುಬ್ಬಳ್ಳಿ ಗೋದ್ರೆಜ್. ಅವರಪ್ಪ ಪ್ರಾಥಮಿಕ ಶಾಲೆಯ ಮಾಸ್ತರು, ಕಂತಿನಲ್ಲಿ ಕೊಡಿಸಿದ್ದು. ಬಾಗಿಲಿಗೆ ಉದ್ದ ಕನ್ನಡಿ, ಒಳಗೊಂದು ಗುಪ್ತ ಖಾನೆ; ಅದರ ಬೀಗದ ಕೈ ಇವತ್ತಿಗೂ ಅವರ ಮಂಗಳಸೂತ್ರದ ಪಿನ್ನಿಗೆ ಸಿಕ್ಕಿಸಿಕೊಂಡಿರುತ್ತದೆ. ಮಲಗುವ ಕೋಣೆಯ ಗೋಡೆಯನ್ನು ಅಜ್ಜನ ಸಾಗವಾನಿ ಕಪಾಟು ಹಿಡಿದುಕೊಂಡಿತ್ತು. ಅದನ್ನು ಕದಲಿಸುವ ಮಾತೇ ಇರಲಿಲ್ಲವಲ್ಲ, ಹಾಗಾಗಿ ತಿಜೋರಿ ಹಿತ್ತಲ ಕಡೆಯ ಓಣಿಗೆ ಹೋಯಿತು. ಬಚ್ಚಲಿನ ಪಕ್ಕ. ಮಳೆಗಾಲದಲ್ಲಿ ಎರಚಲು ಬಡಿದು ಕೆಳಗಿನ ನಾಲ್ಕು ಬೆರಳು ತುಕ್ಕು ತಿಂದಿದೆ. ಮೂವತ್ತಾರು ವರ್ಷಗಳಲ್ಲಿ ನಾನು ಅದರ ಮುಂದೆ ಎಷ್ಟು ಸಲ ಟವೆಲು ಹೊದ್ದು ಹಾದುಹೋಗಿದ್ದೇನೋ! ಒಮ್ಮೆಯೂ ಅದು ಒಬ್ಬರ ನೆನಪಿನ ಸಾಮಾನು ಅಂತ ಅನ್ನಿಸಿರಲಿಲ್ಲ. ಅದು ಬರೀ ಅಡ್ಡ ಬರುವ ಒಂದು ತಿಜೋರಿ.

ನಾನು ಜಗಳ ತೆಗೆಯುತ್ತಿರುವುದು ಇದಕ್ಕಾಗಿ. ಹಳೆಯ ಮನೆಯ ಗೋಡೆಗಳಿಗೆ ಅಳತೆ ಇದೆ. ಒಂದು ನೆನಪಿಗೆ ಜಾಗ ಕೊಟ್ಟರೆ ಇನ್ನೊಂದು ಬಚ್ಚಲ ಪಕ್ಕ ನಿಲ್ಲಬೇಕಾಗುತ್ತದೆ. ಯಾವುದು ಒಳಗೆ ಯಾವುದು ಹೊರಗೆ ಅಂತ ತೀರ್ಮಾನ ಮಾಡುತ್ತಿರುವವರು ಆ ಮನೆಯಲ್ಲಿ ಇಲ್ಲದ ನಾವು.

ಹಾಗಾದರೆ ನಮ್ಮ ಮನೆಗಳಲ್ಲಿ ನಾವೇನು ಮಾಡಿದ್ದೇವೆ? ನಾನು ಪುಣೆಗೆ ಬಂದದ್ದು 1994ರಲ್ಲಿ. ಏಳು ಮನೆ ಬದಲಿಸಿದೆ. ನನ್ನ ಮಗಳು ಅಕ್ಷರ ಕಲಿತ ಟೇಬಲ್ಲು ಆನ್‌ಲೈನಿನಲ್ಲಿ ತರಿಸಿದ್ದು, ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆಯದು. ಅಂಥ ಹಲಗೆಯ ಗುಣ ಗೊತ್ತಲ್ಲ: ಒಮ್ಮೆ ಬಿಚ್ಚಿದ ಸ್ಕ್ರೂ ಎರಡನೇ ಸಲ ಗಟ್ಟಿ ಕೂರುವುದಿಲ್ಲ, ಅಂಚಿಗೆ ನೀರು ಹೋದರೆ ಹಪ್ಪಳದಂತೆ ಉಬ್ಬುತ್ತದೆ. ಅದರ ಮೇಲೆ ಅವಳು ಬಾಲ್ ಪೆನ್ನಿನಲ್ಲಿ ತನ್ನ ಹೆಸರನ್ನು ತಿರುವುಮುರುವು ಬರೆದಿದ್ದಳು. ಮೂರನೇ ಮನೆಯಿಂದ ನಾಲ್ಕನೆಯದಕ್ಕೆ ಹೋಗುವಾಗ ನಾನೇ ಅದನ್ನು ಒಂಬೈನೂರು ರೂಪಾಯಿಗೆ ಮಾರಿದೆ, ಬರಹದ ಮೇಲೆ ಸ್ಯಾನಿಟೈಸರ್ ಉಜ್ಜಿ. ಗುಂಪಿನಲ್ಲಿ ಯಾರೂ ಅಳಲಿಲ್ಲ. ನಾನೂ ಅಳಲಿಲ್ಲ. ಅವಳು ಎರಡು ದಿನ ಮಾತಾಡಲಿಲ್ಲ, ನಾವು ನಕ್ಕೆವು.

ನಮ್ಮ ಮನೆಗೆ ತೂಕವಿಲ್ಲದ, ಬಿಟ್ಟುಹೋಗಲು ನೋವಾಗದ ಸಾಮಾನು. ಊರಿನ ಮನೆಗೆ ಮಾತ್ರ ಅಲುಗದ ಸಾಗವಾನಿ. ಸುಲಭವಾದ ಬದುಕನ್ನು ಇಲ್ಲಿ ಇಟ್ಟುಕೊಂಡು ನೆನಪಿನ ಭಾರವನ್ನು ಅಣ್ಣನ ಹೆಂಡತಿಗೆ ವಹಿಸಿದ್ದೇವೆ. ವಾಟ್ನಿಯ ಕಾಗದದಲ್ಲಿ ಹೊಲವನ್ನು ಗುಂಟೆ ಲೆಕ್ಕದಲ್ಲಿ ಹಂಚಿಕೊಂಡೆವು, ತಾಮ್ರದ ಹಂಡೆಗಳನ್ನು ತೂಕಕ್ಕೆ ಹಾಕಿ ಹಂಚಿಕೊಂಡೆವು. ಕಪಾಟು ಮಂಚಗಳ ಮಾತು ಬಂದಾಗ ಎಲ್ಲರೂ ದೊಡ್ಡ ಮನಸ್ಸು ಮಾಡಿ "ಅವು ಇದ್ದಲ್ಲೇ ಇರ್ಲಿ" ಅಂದೆವು. ಅವಕ್ಕೆ ಬೆಲೆಗಿಂತ ಚಾಕರಿ ಜಾಸ್ತಿ ಎಂದು ಎಲ್ಲರಿಗೂ ಗೊತ್ತಿತ್ತು.

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಒಂದು ವಸ್ತು ಪ್ರಾಚೀನ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ 100 ವರ್ಷ ಆಗಿರಬೇಕು. ವಲಸೆಯವರ ಕಾಯ್ದೆಯಲ್ಲಿ ನಾವು ಮನೆ ಬಿಟ್ಟು ಹದಿನೈದು ವರ್ಷವಾದರೆ ಸಾಕು, ಬಾಗಿಲಿಗೆ ಅಡ್ಡ ಇಡುವ ಕಲ್ಲೂ ಪ್ರಾಚೀನವಾಗುತ್ತದೆ.

ಇಷ್ಟು ಓದಿದ ಮೇಲೆ ಕೆಲವರು ಕೇಳುತ್ತೀರಿ: ಹಾಗಾದರೆ ಎಲ್ಲವನ್ನೂ ಮಾರಿಬಿಡೋಣವೇ? ಮುಂಬಯಿಯ ಓಶಿವರಾದ ಹಳೆ ಫರ್ನಿಚರ್ ಅಂಗಡಿಗಳಿಗೋ, ಚೋರ್ ಬಜಾರಿನ ಮಟನ್ ಸ್ಟ್ರೀಟಿಗೋ, ಕಾರೈಕುಡಿಯಲ್ಲಿ ಚೆಟ್ಟಿನಾಡಿನ ಮನೆಗಳ ಕಂಬ ಬಾಗಿಲು ಕನ್ನಡಿಗಳು ಬಿಕರಿಗೆ ನಿಂತಿರುವಂತೆ ನಮ್ಮವೂ ನಿಲ್ಲಲಿ ಎನ್ನುತ್ತೀರಾ? ಆ ನೋವು ನನಗೂ ಗೊತ್ತು. ಓಶಿವರಾದ ಅಂಗಡಿಯೊಂದರಲ್ಲಿ ಯಾರದೋ ಮಂಚದ ತಲೆಹಲಗೆಯ ಮೇಲೆ ಅಂಟಿಸಿ ಕಿತ್ತ ಬಿಂದಿಗಳ ಗುರುತು ನೋಡಿ ನನಗೂ ಗಂಟಲು ಕಟ್ಟಿದೆ. ಆದರೆ ಆ ಅಂಗಡಿಗಳಿಂದ ಸಾಮಾನು ಎಲ್ಲಿಗೆ ಹೋಗುತ್ತದೆ ನೋಡಿ. ಹಳೆಯ ತಲೆಬಾಗಿಲನ್ನು ಮಲಗಿಸಿ ಮೇಲೆ ಗಾಜು ಹಾಕಿ ಟೇಬಲ್ಲು ಮಾಡಿದ ಹೋಟೆಲುಗಳಿಗೆ. ವಾರದ ಕೊನೆಗೆ ಅಲ್ಲಿ ಹೋಗಿ ಇನ್ನೊಬ್ಬರ ಹೊಸ್ತಿಲ ಮೇಲೆ ಕಾಫಿ ಲೋಟ ಇಟ್ಟು ಫೋಟೋ ತೆಗೆಯುವವರು ನಾವೇ. ಕೊಳ್ಳುವವರೂ ನಾವೇ, ಮಾರಬ್ಯಾಡ್ರಿ ಎನ್ನುವವರೂ ನಾವೇ. ಮಾರುವವರನ್ನು ಮಾತ್ರ ಬೈಯುತ್ತೇವೆ. ಮಾರಿದ್ದು ಮಗಳ ಫೀಸಿಗೋ, ಹೆಂಚು ಬದಲಿಸುವುದಕ್ಕೋ ಅಂತ ಕೇಳುವುದಿಲ್ಲ.

ಸಂಗ್ರಹಾಲಯದ ಮಾತೂ ಬರುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನಾನು ಎರಡು ಸಲ ನೋಡಿದ್ದೇನೆ. ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಆ ಕೆಲಸಕ್ಕೆ ಕೈಮುಗಿಯಬೇಕು. ಅಲ್ಲಿ ಉಳಿದಿರುವುದು ಬಡಗಿಯ ಕೈ, ಜೋಡಣೆಯ ಜಾಣತನ, ಒಂದು ಕಾಲದ ಕಟ್ಟಡದ ಬುದ್ಧಿ. ಆ ಮಂಚದಲ್ಲಿ ಯಾರು ಹೆತ್ತರು, ಯಾರು ಅತ್ತರು ಎನ್ನುವುದು ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಕುಪ್ಪಳಿಯ ಕವಿಮನೆಯನ್ನು ನೋಡಿ ಬಂದ ನಮ್ಮ ಹೈದರಾಬಾದಿನ ತಮ್ಮ, "ನಮ್ಮ ಮನೀನೂ ಹಿಂಗ ಇಡಬೇಕು" ಅಂದ. ಕುಪ್ಪಳಿಯ ಹಿಂದೆ ಒಂದು ಪ್ರತಿಷ್ಠಾನ ಇದೆ, ಸಂಬಳ ತೆಗೆದುಕೊಂಡು ನೆಲ ಗುಡಿಸುವವರಿದ್ದಾರೆ, ಟಿಕೀಟು ಇದೆ. ನಮ್ಮ ಮನೆಯ ಹಿಂದೆ ಮೊಣಕಾಲು ನೋವಿನ ವೈನಿ ಇದ್ದಾರೆ. ಅದಲ್ಲದೆ ನಮ್ಮಜ್ಜ ಕುವೆಂಪು ಅಲ್ಲ, ಕಂದಾಯ ಇಲಾಖೆಯ ಗುಮಾಸ್ತ.

ಮರದ ಸಾಮಾನು ಸುಮ್ಮನೆ ನಿಂತಲ್ಲಿ ನೆನಪು ಹುಟ್ಟುವುದಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಒಂದು ತೊಟ್ಟಿಲು. ಕಲಘಟಗಿಯ ತೊಟ್ಟಿಲು. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಚಿತ್ರಗಾರರ ಮನೆತನಗಳು ಸಾಗವಾನಿ ಹಲಗೆಗೆ ಅರಗಿನ ಬಣ್ಣದಲ್ಲಿ ಕೃಷ್ಣನ ಆಟಗಳನ್ನೋ ರಾಮಾಯಣವನ್ನೋ ಬರೆದು ಮಾಡುವಂಥದ್ದು. ಅವ್ವನ ತವರಿನಲ್ಲಿ ಒಂದಿದೆ, ಅಥವಾ ಇತ್ತು ಅನ್ನಬೇಕು, ಯಾಕೆಂದರೆ ಅದು ಯಾವ ಕಾಲಕ್ಕೂ ತವರಿನಲ್ಲೇ ಇದ್ದದ್ದಿಲ್ಲ. ಹೆಸರಿಡುವ ದಿನ ಗೊತ್ತಾದ ಕೂಡಲೇ ಯಾರೋ ಬಂದು ಒಯ್ಯುತ್ತಿದ್ದರು. ಗದಗಕ್ಕೆ ಹೋಯಿತು, ಬಾಗಲಕೋಟೆಗೆ ಹೋಯಿತು, ಅಲ್ಲಿಂದ ಪಕ್ಕದ ಮನೆಯವರು, ನಮ್ಮ ಜಾತಿಯವರೂ ಅಲ್ಲ, ತಮ್ಮ ಮಗಳ ಬಾಣಂತನಕ್ಕೆ ಎರಡು ತಿಂಗಳು ಇಟ್ಟುಕೊಂಡರು. 2004ರಲ್ಲಿ ನನ್ನ ಮಗಳಿಗಾಗಿ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಪುಣೆಗೂ ಬಂತು. ಹಲಗೆಗಳು ಬಿಚ್ಚುತ್ತವೆ, ಗೋಣಿಯಲ್ಲಿ ಸುತ್ತಿದರೆ ಒಬ್ಬ ಹೊರಬಹುದು. ಅದರಲ್ಲಿ ಗಿಳಿಯೊಂದರ ಕಣ್ಣಿನ ಬಣ್ಣ ಕಿತ್ತುಹೋಗಿದೆ. ಯಾವ ಮಗು ಕಿತ್ತದ್ದು ಎಂಬ ಬಗ್ಗೆ ನಾಲ್ಕು ಮನೆಗಳಲ್ಲಿ ನಾಲ್ಕು ಕಥೆಗಳಿವೆ, ಪ್ರತಿಯೊಬ್ಬ ತಾಯಿಯೂ ತನ್ನ ಮಗುವೇ ಎನ್ನುತ್ತಾಳೆ. ಆ ತೊಟ್ಟಿಲನ್ನು ಮಾರಬೇಡಿ ಎಂದು ಇವತ್ತಿನವರೆಗೂ ಯಾರೂ ಯಾರಿಗೂ ಹೇಳಿಲ್ಲ. ಹೇಳುವ ಪ್ರಸಂಗವೇ ಬಂದಿಲ್ಲ, ಅದಕ್ಕೆ ಪುರುಸೊತ್ತು ಇದ್ದರೆ ತಾನೇ! ಈಗ ಎಲ್ಲಿದೆ ಎಂದು ಕೇಳಿದರೆ ಬೆಳಗಾವಿಯಲ್ಲಿರಬೇಕು ಎನ್ನುತ್ತಾರೆ.

ಅಜ್ಜನ ಕಪಾಟನ್ನು ಪುಣೆಗೆ ತರುವ ಯೋಚನೆಯೂ ಮಾಡಿದೆ, ಬೈಸಿಕೊಂಡ ಮಾನಕ್ಕೆ. ಅಳತೆ ಪಟ್ಟಿ ತೆಗೆದುಕೊಂಡು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ನಿಂತೆ. ಕಪಾಟು ಲಿಫ್ಟಿಗಿಂತ ಐದು ಬೆರಳು ಎತ್ತರ. ಮೆಟ್ಟಿಲ ಮೇಲೆ ಒಂಬತ್ತನೇ ಮಹಡಿಗೆ ಹೊರಿಸಬೇಕು, ತಿರುವುಗಳಲ್ಲಿ ತಿರುಗುವುದಿಲ್ಲ. ಮೇಲಿನ ಕೆತ್ತನೆಯ ಪಟ್ಟಿಯನ್ನು ಬಿಚ್ಚಿದರೆ ಆಗಬಹುದು ಎಂದು ಬಡಗಿ ಹೇಳಿದ. ಬಂದರೂ ಇಡುವುದೆಲ್ಲಿ? ಹೆಂಡತಿ ಕೇಳಿದಳು, "ನನ್ನ ವಾರ್ಡ್‌ರೋಬ್ ತೆಗೀತೀರೇನು?" ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡೆ. ಅಣ್ಣನ ಮನೆಯಲ್ಲಿ ಮೂವತ್ತಾರು ವರ್ಷ ನಾವು ಮಾಡಿಸಿದ ಕೆಲಸ ನನ್ನ ಮನೆಯಲ್ಲಿ ಒಂದು ವಾಕ್ಯಕ್ಕೆ ನಿಂತುಹೋಯಿತು.

ಹಾಗೆಂದು ಕೈ ತೊಳೆದುಕೊಂಡಿಲ್ಲ. ಜನವರಿಯಲ್ಲಿ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ದೆ. ವೈನಿ ಹೇಳಿದರು, ನಾನು ಬರೆದುಕೊಂಡೆ. ಆ ಬಾಗಿಲ ಮೇಲಿದ್ದದ್ದನ್ನು ಇದ್ದ ಹಾಗೆ, 'ಕನ್ಯಾ' ಎಂಬಲ್ಲಿ ಅತ್ತೆಯರ ಮತ್ತು ಅಕ್ಕನ ಹೆಸರು, ಅವರವರಿಗೆ ಗೊತ್ತಿದ್ದ ಗಳಿಗೆ ಸೇರಿಸಿ. ವೈನಿಯ ಮಕ್ಕಳದನ್ನು ಅವರೇ ಬರೆದರು. ಅವರ ಅಕ್ಷರ ದುಂಡಗಿದೆ, ಮಾಸ್ತರರ ಮಗಳಲ್ಲವೇ. ಆಮೇಲೆ ಅಣ್ಣನೂ ನಾನೂ ಇಬ್ಬರು ಹಮಾಲರನ್ನು ಕರೆಸಿ ಸಾಗವಾನಿ ಕಪಾಟನ್ನು ಪಡಸಾಲೆಗೆ ಸರಿಸಿದೆವು. ತಿಜೋರಿ ಮಲಗುವ ಕೋಣೆಗೆ ಬಂತು. ಕಪಾಟು ಇದ್ದ ಜಾಗದಲ್ಲಿ ಗೋಡೆ ಹಳೆಯ ನೀಲಿ ಸುಣ್ಣದಲ್ಲೇ ಉಳಿದಿತ್ತು. ಅಲ್ಲೊಂದು ತಿರುಪು, ಎರಡು ನಾಲ್ಕಾಣೆ ಸಿಕ್ಕವು.

ಕಪಾಟು ಸರಿಸಿದಾಗ ಅದರ ತಳದ ಹಲಗೆ ಕೈಗೆ ಪುಡಿಪುಡಿಯಾಗಿ ಬಂತು. ಗೆದ್ದಲು ಔಷಧಕ್ಕೆ ಸಿಗದೆ ಅಲ್ಲಿ ಉಳಿದುಕೊಂಡಿತ್ತು. ತಳ ಬದಲಿಸಿ, ಎರಡು ಕಾಲು ಹೊಸದಾಗಿ ಹಾಕಲು ಬಡಗಿ ಒಂಬತ್ತು ಸಾವಿರ ಕೇಳಿದ. ಮಾರುವುದಾದರೆ ಈಗಲೇ ಮಾರಬಹುದು, ತಗೊಳ್ಳುವವರಿದ್ದಾರೆ ಎಂದು ಅವನೇ ಹೇಳಿದ. ಅಣ್ಣ ನನ್ನ ಮುಖ ನೋಡಿದ.

ನಾನು ಅದನ್ನೆಲ್ಲ ಗುಂಪಿನಲ್ಲಿ ಬರೆದೆ, ಪುಡಿಯಾದ ಹಲಗೆಯ ಫೋಟೋ ಸಹಿತ. ಅವತ್ತು ಹೃದಯ ಒತ್ತಿದ ಹನ್ನೊಂದು ಜನ ಮತ್ತು ನಾನು, ಒಟ್ಟು ಹನ್ನೆರಡು. ತಲಾ 750 ರೂಪಾಯಿ. ಅಣ್ಣನ ಯುಪಿಐ ನಂಬರು ಕೆಳಗೆ ಕೊಟ್ಟೆ. ಕೊಡದಿದ್ದರೆ ಮಾರುವುದು ವೈನಿಯ ಇಷ್ಟ, ಬಂದ ದುಡ್ಡೂ ಅವರದೇ, ಆಮೇಲೆ ಯಾರೂ ಉಸಿರೆತ್ತಬಾರದು ಎಂದೂ ಬರೆದೆ. ನಾಲ್ಕು ವಾರವಾಯಿತು. ನನ್ನದನ್ನು ಬಿಟ್ಟು ಇಬ್ಬರದು ಬಂದಿದೆ. ಹೈದರಾಬಾದಿನ ತಮ್ಮ ಕೈಮುಗಿಯುವ ಚಿಹ್ನೆ ಕಳಿಸಿದ್ದಾನೆ. ಅಕ್ಕ, ಪಟ್ಟಿಯಲ್ಲಿ ಇಲ್ಲದಿದ್ದರೂ, 750 ಕಳಿಸಿ ಷರಾದಲ್ಲಿ 'ತಿಜೋರಿಯ ತುಕ್ಕಿಗೆ' ಎಂದು ಬರೆದಿದ್ದಾಳೆ.